ಕಂಪನಿ ಆಮೇಲೆ, ಮೊದಲು ದಿನ ಎಣಿಸಿ

ಕಳೆದ ವರ್ಷ ನನ್ನ ಗಾಂಧಿ ಬಜಾರಿನ ಕಚೇರಿಗೆ ಬಂದ ಹುಡುಗನೊಬ್ಬ ಕೂರುವ ಮೊದಲೇ ಮೇಜಿನ ಮೇಲೆ ಒಂದು ಕಾರ್ಡ್ ಇಟ್ಟ. ಎಸ್ಟೋನಿಯಾ ಸರ್ಕಾರ ಹೊರದೇಶದವರಿಗೆ ಕೊಡುವ ಇ-ರೆಸಿಡೆನ್ಸಿ ಎಂಬ ಡಿಜಿಟಲ್ ಗುರುತಿನ ಕಾರ್ಡ್ ಅದು. ಅದನ್ನು ಬಳಸಿ ಅವನು ಮನೆಯಿಂದಲೇ ಆ ದೇಶದಲ್ಲಿ ಒಂದು ಕಂಪನಿ ತೆರೆದಿದ್ದ. ಕ್ಲೈಂಟ್ ನೆದರ್‌ಲೆಂಡ್ಸ್‌ನವರು. ಇವನಿರುವುದು ಜೆ.ಪಿ. ನಗರದ ಬಾಡಿಗೆ ಮನೆಯಲ್ಲಿ.

"ಮೇಡಂ, ಕಂಪನಿ ಅಲ್ಲಿದೆ, ಕ್ಲೈಂಟೂ ಅಲ್ಲೇ ಇದಾನೆ, ದುಡ್ಡೂ ಅಲ್ಲಿನ ಅಕೌಂಟಿಗೇ ಬೀಳುತ್ತೆ. ಇಲ್ಲಿ ಟ್ಯಾಕ್ಸ್ ಬರಲ್ಲ ಅಲ್ವಾ?"

"ನೀವು ಕೂತು ಕೆಲಸ ಮಾಡೋ ಕುರ್ಚಿ ಎಲ್ಲಿದೆ?"

"ಮನೇಲಿ ಮೇಡಂ. ನನ್ನ ರೂಮಲ್ಲಿ."

ಹೊರದೇಶದ ಗುತ್ತಿಗೆ ಕೆಲಸದ ತೆರಿಗೆ ಮುಕ್ಕಾಲು ಪಾಲು ಈ ಒಂದು ಉತ್ತರದಲ್ಲೇ ತೀರ್ಮಾನವಾಗುತ್ತದೆ. ಕಂಪನಿಯ ಸರ್ಟಿಫಿಕೇಟ್ ಯಾವ ದೇಶದ್ದು, ಬ್ಯಾಂಕ್ ಯಾವ ಊರಿನದು ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ. ಕಾನೂನು ಮೊದಲು ಮನುಷ್ಯನನ್ನು ನೋಡುತ್ತದೆ: ವರ್ಷದಲ್ಲಿ ಎಷ್ಟು ದಿನ ಇಲ್ಲಿದ್ದ, ಕೆಲಸ ಮಾಡುವಾಗ ಎಲ್ಲಿ ಕೂತಿದ್ದ. ನಮ್ಮೂರಿನ ಎಷ್ಟೋ ಜನ ಈ ಕ್ರಮವನ್ನು ತಿರುಗುಮುರುಗು ಮಾಡಿ, ಮೊದಲು ಕಂಪನಿ ತೆರೆದು ಆಮೇಲೆ ಆಡಿಟರ್ ಹುಡುಕುತ್ತಾರೆ. ಹೀಗೆ ಕೈ ಸುಟ್ಟುಕೊಂಡವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

182ನೇ ದಿನ

ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದರೆ ನೀವು ಇಲ್ಲಿನ ನಿವಾಸಿ. ಇನ್ನೊಂದು ಅಳತೆಯೂ ಇದೆ. ಆ ವರ್ಷ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದಿದ್ದರೂ ನಿವಾಸಿಯೇ. ಆದರೆ ಉದ್ಯೋಗಕ್ಕೆಂದು ಹೊರದೇಶಕ್ಕೆ ಹೊರಟ ಭಾರತೀಯ ನಾಗರಿಕನಿಗೆ, ಹೊರಟ ವರ್ಷದ ಮಟ್ಟಿಗೆ, ಈ 60ರ ಜಾಗದಲ್ಲೂ 182 ಎಂದೇ ಲೆಕ್ಕ. ಹೊರಗೆ ನೆಲೆಸಿ ರಜೆಗೆ ಬಂದುಹೋಗುವವರಿಗೂ ಸಾಮಾನ್ಯವಾಗಿ 182 ದಿನವೇ ಮಿತಿ. ಅವರ ಭಾರತದ ಆದಾಯ, ಅಂದರೆ ಬಾಡಿಗೆ, ಬಡ್ಡಿ, ಷೇರಿನ ಲಾಭ ಎಲ್ಲ ಸೇರಿ 15 ಲಕ್ಷ ದಾಟಿದರೆ ಮಾತ್ರ ಅದು 120 ದಿನಕ್ಕೆ ಇಳಿಯುತ್ತದೆ.

ನಿವಾಸಿ ಎಂದಾದರೆ ಪ್ರಪಂಚದ ಯಾವ ಮೂಲೆಯಲ್ಲಿ ದುಡಿದ ಹಣವಾದರೂ ಇಲ್ಲಿನ ತೆರಿಗೆಗೆ ಒಳಪಡುತ್ತದೆ. ಅನಿವಾಸಿ ಎಂದಾದರೆ ಇಲ್ಲಿ ಹುಟ್ಟಿದ ಅಥವಾ ಇಲ್ಲಿ ಕೈಗೆ ಬಂದ ಆದಾಯಕ್ಕೆ ಮಾತ್ರ ತೆರಿಗೆ. ಈ ಎರಡರ ನಡುವಿನ ಅಂತರ ಒಂದೇ ಒಂದು ದಿನ.

ಏಪ್ರಿಲ್ 1ರಿಂದ ಬೆರಳು ಮಡಚುತ್ತಾ ಹೋದರೆ ಸೆಪ್ಟೆಂಬರ್ 28ಕ್ಕೆ 181 ದಿನ ತುಂಬುತ್ತದೆ, 29ಕ್ಕೆ 182. ವಿಜಯನಗರದ ಒಬ್ಬ ಹುಡುಗನಿಗೆ 2025ರಲ್ಲಿ ದುಬೈನ ಗುತ್ತಿಗೆ ಸಿಕ್ಕಿತು. ಸೆಪ್ಟೆಂಬರ್ ಮೂರನೇ ವಾರವೇ ಹೊರಡಬಹುದಿತ್ತು. "ನವರಾತ್ರಿ ಮುಗಿಸ್ಕೊಂಡು ಹೋಗಪ್ಪ, ಮುಂದಿನ ಹಬ್ಬಕ್ಕೆ ಎಲ್ಲಿರ್ತೀಯೋ" ಎಂದರು ತಾಯಿ. ಆ ವರ್ಷ ವಿಜಯದಶಮಿ ಅಕ್ಟೋಬರ್ 2ಕ್ಕಿತ್ತು. ಬೊಂಬೆ ಇಳಿಸಿ, ಬನ್ನಿ ಕೊಟ್ಟು, 6ನೇ ತಾರೀಖು ವಿಮಾನ ಹತ್ತಿದ. ಅಷ್ಟರಲ್ಲಿ 189 ದಿನ ಆಗಿಹೋಗಿತ್ತು. ಆ ವರ್ಷ ಅವನು ಭಾರತದ ನಿವಾಸಿ. ದುಬೈನಲ್ಲಿ ಮಾರ್ಚ್‌ವರೆಗೆ ದುಡಿದದ್ದೂ ಇಲ್ಲಿನ ಲೆಕ್ಕಕ್ಕೆ ಬಂತು. ಅಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ಹಾಗಾಗಿ ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಿಂದ ಕಳೆಯುವ ಮಾತೂ ಇಲ್ಲ. ಗುತ್ತಿಗೆ ಹಣದಲ್ಲಿ ಅರ್ಧವನ್ನಷ್ಟೇ ಲಾಭವೆಂದು ತೋರಿಸುವ ದಾರಿ ಇದ್ದುದರಿಂದ ಹೊಡೆತ ಸ್ವಲ್ಪ ತಗ್ಗಿತು. ಆ ದಾರಿ ಯಾವುದೆಂದು ಮುಂದೆ ಹೇಳುತ್ತೇನೆ.

ತಾಯಿಯ ಮಾತು ಮೀರಿ ಹೋಗಬೇಕಿತ್ತು ಎಂದು ನಾನು ಹೇಳುವುದಿಲ್ಲ. ಟಿಕೆಟ್ ಬುಕ್ ಮಾಡುವ ಮುಂಚೆ ಒಂದು ಫೋನ್ ಮಾಡಿದ್ದರೆ ಆ ಎಂಟು ದಿನದ ಬೆಲೆ ಎಷ್ಟೆಂದು ತಿಳಿದುಕೊಂಡಾದರೂ ಹಬ್ಬ ಮಾಡಬಹುದಿತ್ತು.

ದಿನ ಎಣಿಸಲು ನಾನು ಇಂದಿಗೂ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಬಿಡಿಸಿ, ಒಂದೊಂದೇ ಮುದ್ರೆ ನೋಡಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಬಂದ ದಿನ, ಹೋದ ದಿನ ಎರಡನ್ನೂ ಭಾರತದ ಲೆಕ್ಕಕ್ಕೇ ಸೇರಿಸುತ್ತೇನೆ, ಹಾಗೆ ಮಾಡಿದರೆ ಮೋಸವಿಲ್ಲ. ಈಗ ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಇ-ಗೇಟ್ ದಾಟಿದರೆ ಮುದ್ರೆಯೇ ಬೀಳುವುದಿಲ್ಲ. ಆದ್ದರಿಂದ ಬೋರ್ಡಿಂಗ್ ಪಾಸ್‌ಗಳ ಫೋಟೊ ತೆಗೆದು ಒಂದು ಫೋಲ್ಡರ್‌ನಲ್ಲಿ ಹಾಕಿಡಿ. ನಾಲ್ಕು ವರ್ಷದ ನಂತರ ನೋಟಿಸ್ ಬಂದಾಗ ನಿಮ್ಮ ಪರವಾಗಿ ನಿಲ್ಲುವುದು ಅವೇ.

ದುಬೈನಂಥ ಊರಿಗೆ ಹೋಗುವವರಿಗೆ ಇನ್ನೊಂದು ಮಾತು. ಭಾರತೀಯ ನಾಗರಿಕನಾಗಿದ್ದು, ಇಲ್ಲಿನ ಆದಾಯ 15 ಲಕ್ಷ ದಾಟಿ, ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ, ಒಂದು ದಿನ ಇಲ್ಲಿ ಇರದಿದ್ದರೂ ಕಾನೂನು ನಿಮ್ಮನ್ನು ನಿವಾಸಿ ಎಂದು ಭಾವಿಸುತ್ತದೆ. ಆದರೆ ಅದು 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಎಂಬ ಮಧ್ಯದ ವರ್ಗ. ಆ ವರ್ಗದವರ ಹೊರದೇಶದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ. ಇದಕ್ಕೊಂದು ಅಪವಾದವಿದೆ, ಅದನ್ನು ಜನ ಗಮನಿಸುವುದೇ ಇಲ್ಲ: ಭಾರತದಿಂದ ನಿಯಂತ್ರಿಸುವ ವ್ಯವಹಾರದಿಂದ ಅಥವಾ ಭಾರತದಲ್ಲಿ ಸ್ಥಾಪಿಸಿದ ವೃತ್ತಿಯಿಂದ ಬಂದ ಹಣಕ್ಕೆ ತೆರಿಗೆ ಇದೆ. ಬೆಂಗಳೂರಿನಲ್ಲಿ ಐದು ವರ್ಷ ಫ್ರೀಲಾನ್ಸ್ ಮಾಡಿ, ಅದೇ ಕ್ಲೈಂಟ್‌ಗಳನ್ನು ಇಟ್ಟುಕೊಂಡು ದುಬೈಗೆ ಹೋದವರು ಈ ಸಾಲನ್ನು ಎರಡು ಸಲ ಓದಬೇಕು.

ಮನೆಯಲ್ಲೇ ಕೂತು ಹೊರದೇಶಕ್ಕೆ ದುಡಿಯುವವರು

ನನ್ನಲ್ಲಿಗೆ ಬರುವವರಲ್ಲಿ ಇವರೇ ಹೆಚ್ಚು. ಇವರಿಗೆ ದಿನ ಎಣಿಸುವ ತಾಪತ್ರಯ ಇಲ್ಲ, ನಿವಾಸಿ ಎಂಬುದರಲ್ಲಿ ಅನುಮಾನವೇ ಇಲ್ಲ. ಕ್ಲೈಂಟ್ ಇವರಿಗೆ ಸಂಬಳ ಕೊಡುತ್ತಿಲ್ಲ, ಇನ್‌ವಾಯ್ಸ್‌ಗೆ ಹಣ ಕೊಡುತ್ತಿದ್ದಾನೆ. ಆದ್ದರಿಂದ ಫಾರ್ಮ್ 16 ಇಲ್ಲ, ಟಿಡಿಎಸ್ ಇಲ್ಲ, ಪಿಎಫ್ ಇಲ್ಲ. ಸಂಬಳದಾರರಿಗೆ ಸಿಗುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಇಲ್ಲ. ಅದರ ಬದಲು ಇವರಿಗೆ ಸಿಗುವುದು ಅದಕ್ಕಿಂತ ಎಷ್ಟೋ ದೊಡ್ಡದು.

ಆಡಿಟರ್‌ಗಳ ಬಾಯಲ್ಲಿ ಅದು 44ಎಡಿಎ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಆದರೂ ಎಲ್ಲರೂ ಹಳೆಯ ಹೆಸರಿನಲ್ಲೇ ಕರೆಯುತ್ತಾರೆ. ವೈದ್ಯರು, ವಕೀಲರು, ಎಂಜಿನಿಯರ್‌ಗಳು, ವಾಸ್ತುಶಿಲ್ಪಿಗಳು, ತಾಂತ್ರಿಕ ಸಲಹೆಗಾರರು, ಮಾಹಿತಿ ತಂತ್ರಜ್ಞಾನದವರು ಹೀಗೆ ಕೆಲವು ಗೊತ್ತುಪಡಿಸಿದ ವೃತ್ತಿಯವರು ವರ್ಷಕ್ಕೆ ಬಂದ ಒಟ್ಟು ಹಣದಲ್ಲಿ ಅರ್ಧವನ್ನು ಲಾಭ ಎಂದು ಒಪ್ಪಿಕೊಂಡರೆ ಸಾಕು. ಲೆಕ್ಕದ ಪುಸ್ತಕ ಬೇಡ, ಆಡಿಟ್ ಬೇಡ, ಖರ್ಚಿನ ಬಿಲ್ ಬೇಡ. ಮಿತಿ 50 ಲಕ್ಷ ರೂಪಾಯಿ. ನಗದಾಗಿ ಬಂದದ್ದು ಶೇ. 5ಕ್ಕಿಂತ ಹೆಚ್ಚಿಲ್ಲದಿದ್ದರೆ 75 ಲಕ್ಷದವರೆಗೆ. ಹೊರದೇಶದ ಹಣ ಬ್ಯಾಂಕ್ ಮೂಲಕವೇ ಬರುವುದರಿಂದ ನಮ್ಮವರಿಗೆ 75 ಲಕ್ಷವೇ ಮಿತಿ. ಪಟ್ಟಿಯಲ್ಲಿ ಎಲ್ಲ ಕಸುಬೂ ಇಲ್ಲ, ನಿಮ್ಮದು ಇದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಅರ್ಧಕ್ಕಿಂತ ಕಡಿಮೆ ಲಾಭ ತೋರಿಸುತ್ತೇನೆ ಎಂದು ಹೊರಟರೆ ಲೆಕ್ಕಪತ್ರ, ಆಡಿಟ್ ಎಲ್ಲವೂ ಬೆನ್ನಿಗೆ ಬೀಳುತ್ತವೆ.

ಲೆಕ್ಕ ಹಾಕಿ ನೋಡೋಣ. 2025-26ರಲ್ಲಿ ಹೊರದೇಶದಿಂದ 24 ಲಕ್ಷ ಬಂತು ಎನ್ನಿ. ಅರ್ಧ, ಅಂದರೆ 12 ಲಕ್ಷ ಆದಾಯ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಸೊನ್ನೆ. 40 ಲಕ್ಷ ಬಂದಿದ್ದರೆ ಆದಾಯ 20 ಲಕ್ಷ, ತೆರಿಗೆ ಸೆಸ್ ಸೇರಿ 2,08,000 ರೂಪಾಯಿ. ಕೈಗೆ ಬಂದ ಹಣದ ಶೇ. 5.2.

ಇದೇ 40 ಲಕ್ಷ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಬಂದಿದ್ದರೆ? ಖರ್ಚು 8 ಲಕ್ಷ, ಉಳಿದದ್ದು 32 ಲಕ್ಷ. ಅಷ್ಟನ್ನೂ ಲಾಭವೆಂದು ತೋರಿಸಿದರೆ ಕಂಪನಿ ಕಟ್ಟಬೇಕಾದದ್ದು ಶೇ. 25.168ರಂತೆ ಸುಮಾರು 8 ಲಕ್ಷ 5 ಸಾವಿರ. ಮಿಕ್ಕ ಹಣವನ್ನು ಡಿವಿಡೆಂಡ್ ಆಗಿ ನೀವು ತೆಗೆದುಕೊಂಡರೆ ನಿಮ್ಮ ಕೈಯಲ್ಲಿ ಮತ್ತೆ ತೆರಿಗೆ, ಸುಮಾರು 3 ಲಕ್ಷ 10 ಸಾವಿರ. ಒಟ್ಟು 11 ಲಕ್ಷ ದಾಟಿತು. ಬುದ್ಧಿವಂತಿಕೆಯಿಂದ 32 ಲಕ್ಷವನ್ನೂ ನಿರ್ದೇಶಕರ ಸಂಬಳವಾಗಿ ತೆಗೆದುಕೊಂಡರೂ 5,38,200 ರೂಪಾಯಿ. ಒಬ್ಬರೇ ದುಡಿಯುವಾಗ "ಕಂಪನಿ ಮಾಡಿದರೆ ಟ್ಯಾಕ್ಸ್ ಉಳಿಯುತ್ತೆ" ಎಂಬ ಮಾತಿಗೆ 75 ಲಕ್ಷದ ಒಳಗೆ ಅರ್ಥವೇ ಇಲ್ಲ. ಯಾರು ಹೇಳಿದರೂ ಈ ಎರಡು ಲೆಕ್ಕಗಳನ್ನು ಅವರ ಮುಂದೆ ಇಡಿ.

44ಎಡಿಎ ನಿವಾಸಿಗಳಿಗೆ ಮಾತ್ರ. ಎಲ್‌ಎಲ್‌ಪಿಗೂ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಇಲ್ಲ, ಕಂಪನಿಗೂ ಇಲ್ಲ. ಈ ದಾರಿ ಹಿಡಿದವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು. ಉಳಿದವರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ನೇ ತಾರೀಖುಗಳು. ತಪ್ಪಿದರೆ ತಿಂಗಳಿಗೆ ಶೇ. 1 ಬಡ್ಡಿ. ಕ್ಲೈಂಟ್ ತೆರಿಗೆ ಹಿಡಿಯದೆ ಪೂರ್ತಿ ಹಣ ಕಳಿಸುವಾಗ ಅದೆಲ್ಲ ನಮ್ಮದೇ ಎನಿಸುತ್ತದೆ. ಪ್ರತಿ ಸಲ ಬಂದ ಹಣದಲ್ಲಿ ಒಂದು ಭಾಗವನ್ನು ಬೇರೆ ಖಾತೆಗೆ ಹಾಕಿಬಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಾತು ಕೇಳಿದವರು ಮಾರ್ಚ್‌ನಲ್ಲಿ ನೆಮ್ಮದಿಯಾಗಿರುತ್ತಾರೆ.

ಅಂದಹಾಗೆ ವೃತ್ತಿ ತೆರಿಗೆ ಮರೆಯಬೇಡಿ. ಕರ್ನಾಟಕದಲ್ಲಿ ಸ್ವಂತ ವೃತ್ತಿಯವರು ನೋಂದಾಯಿಸಿಕೊಂಡು ವರ್ಷಕ್ಕೆ 2,500 ರೂಪಾಯಿ ಏಪ್ರಿಲ್ 30ರೊಳಗೆ ಕಟ್ಟಬೇಕು. ಮೊತ್ತ ಚಿಕ್ಕದು, ಐದು ವರ್ಷ ಬಿಟ್ಟು ಒಟ್ಟಿಗೆ ಕೇಳಿದಾಗ ಮಾತ್ರ ಕಿರಿಕಿರಿ.

ಜಿಎಸ್‌ಟಿ ಮತ್ತು ಮನೆ ಮಾಲೀಕರು

"ರಫ್ತಿಗೆ ಜಿಎಸ್‌ಟಿ ಇಲ್ಲವಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಮಾತ್ರ ನಿಜ. ಸೇವೆಯ ರಫ್ತಿಗೆ ತೆರಿಗೆ ದರ ಸೊನ್ನೆ, ಆದರೆ ಅದು ನಿಮ್ಮ ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ನೋಂದಣಿಯಾದ ಮೇಲೆ ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಅದು ಆ ಆರ್ಥಿಕ ವರ್ಷಕ್ಕೆ ಮಾತ್ರ. ಪ್ರತಿ ವರ್ಷ ಹೊಸದು ಹಾಕಬೇಕು. ಶುಲ್ಕವಿಲ್ಲ, ಹತ್ತು ನಿಮಿಷದ ಕೆಲಸ. ಹಾಕದಿದ್ದರೆ ಶೇ. 18 ಐಜಿಎಸ್‌ಟಿ ಮೊದಲು ಕಟ್ಟಿ ಆಮೇಲೆ ಮರುಪಾವತಿಗೆ ಅರ್ಜಿ ಹಾಕುವ ದಾರಿ. ಮಾರ್ಚ್ ಕಡೆಯ ವಾರದಲ್ಲಿ ನನ್ನ ಕಚೇರಿಯಲ್ಲಿ ಮೊದಲು ಆಗುವ ಕೆಲಸವೇ ಇದು.

ರಫ್ತು ಎನಿಸಿಕೊಳ್ಳಲು ಷರತ್ತುಗಳಿವೆ. ಸೇವೆ ಕೊಡುವವರು ಭಾರತದಲ್ಲಿರಬೇಕು, ಪಡೆಯುವವರು ಹೊರಗಿರಬೇಕು, ಸೇವೆಯ ಸ್ಥಳ ಕಾನೂನಿನ ಪ್ರಕಾರ ಹೊರದೇಶವಾಗಬೇಕು, ಹಣ ವಿದೇಶಿ ಕರೆನ್ಸಿಯಲ್ಲಿ ಅಥವಾ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ ಬರಬೇಕು, ಕೊಡುವವರು ಪಡೆಯುವವರು ಒಂದೇ ಸಂಸ್ಥೆಯ ಎರಡು ಕಚೇರಿಗಳಾಗಿರಬಾರದು. ಇವುಗಳಲ್ಲಿ ಜನ ಎಡವುವುದು ಹಣದ ವಿಷಯದಲ್ಲಿ. ಕ್ಲೈಂಟ್ ಡಾಲರ್ ಕಳಿಸುತ್ತಾನೆ, ನಡುವೆ ಇರುವ ಪಾವತಿ ಆ್ಯಪ್ ಅದನ್ನು ರೂಪಾಯಿ ಮಾಡಿ ನಿಮ್ಮ ಉಳಿತಾಯ ಖಾತೆಗೆ ಹಾಕುತ್ತದೆ. ಸ್ಟೇಟ್‌ಮೆಂಟ್‌ನಲ್ಲಿ ನೋಡಿದರೆ ಒಳನಾಡಿನ ವರ್ಗಾವಣೆಯಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಪಾವತಿಗೂ ವಿದೇಶಿ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಅಡ್ವೈಸ್ ಪತ್ರ ಕೇಳಿ ಪಡೆಯಿರಿ. ಅದರಲ್ಲಿ ಹಣ ಯಾತಕ್ಕೆ ಬಂತೆಂದು ಹೇಳುವ ಪರ್ಪಸ್ ಕೋಡ್ ಸರಿ ಇದೆಯೇ ನೋಡಿ. ಸಾಫ್ಟ್‌ವೇರ್ ಸಲಹೆಗೆ ಪಿ0802. ಮನೆಯವರು ಕಳಿಸಿದ ಹಣ ಎಂಬ ಕೋಡ್ ಬಿದ್ದಿದ್ದರೆ ಕೂಡಲೇ ಸರಿಪಡಿಸಿಕೊಳ್ಳಿ. ಇನ್‌ವಾಯ್ಸ್ ಸಂಖ್ಯೆ, ಅಡ್ವೈಸ್ ಸಂಖ್ಯೆ, ರಿಟರ್ನ್‌ನಲ್ಲಿ ತೋರಿಸಿದ ಮೊತ್ತ, ಮೂರೂ ಒಂದಕ್ಕೊಂದು ತಾಳೆಯಾಗಬೇಕು.

ಸೊನ್ನೆ ದರದಿಂದ ಇನ್ನೊಂದು ಅನುಕೂಲವಿದೆ. ಇಂಟರ್‌ನೆಟ್, ಎಚ್.ಎಸ್.ಆರ್. ಲೇಔಟ್‌ನ ಕೋ-ವರ್ಕಿಂಗ್ ಜಾಗದ ಬಾಡಿಗೆ, ನನ್ನಂಥವರ ಫೀಸು, ಇವಕ್ಕೆ ನೀವು ಕೊಟ್ಟ ಜಿಎಸ್‌ಟಿ ಸೇವೆಗೆ ಬೇಕಾಗಿ ಮಾಡಿದ ಖರ್ಚಾಗಿದ್ದರೆ ಬಹುಪಾಲು ವಾಪಸ್ ಪಡೆಯಬಹುದು.

ಕಾಗದದ ಮೇಲೆ ಇಷ್ಟು ಸಲೀಸಾದ ನೋಂದಣಿ ನಮ್ಮೂರಿನಲ್ಲಿ ನಿಂತುಹೋಗುವುದು ಮನೆ ಮಾಲೀಕರ ಬಾಗಿಲಲ್ಲಿ. ವಿಳಾಸದ ಪುರಾವೆಗೆ ಬಾಡಿಗೆ ಕರಾರು, ಬೆಸ್ಕಾಂ ಬಿಲ್, ಮಾಲೀಕರ ಒಪ್ಪಿಗೆ ಪತ್ರ ಬೇಕು. "ನಮ್ಮನೇಲಿ ಕಂಪನಿ ನಡೆಸ್ತೀರಾ? ನಾಳೆ ಕರೆಂಟು ಕಮರ್ಷಿಯಲ್ ಮಾಡಿಬಿಟ್ರೆ?" ಎಂದು ಮಾಲೀಕರು ಹಿಂಜರಿಯುತ್ತಾರೆ. ಅವರ ಭಯವನ್ನು ತಳ್ಳಿಹಾಕಬೇಡಿ. ಬೋರ್ಡ್ ಹಾಕುವುದಿಲ್ಲ, ಜನ ಬಂದುಹೋಗುವುದಿಲ್ಲ, ಒಂದು ಲ್ಯಾಪ್‌ಟಾಪ್‌ನಲ್ಲಿ ಒಬ್ಬರೇ ಮಾಡುವ ಕೆಲಸ ಎಂದು ಕೂತು ವಿವರಿಸಿ. ಹನುಮಂತನಗರದ ಒಬ್ಬ ಅಜ್ಜಿ ನನ್ನನ್ನೇ ಫೋನಿಗೆ ಕರೆಸಿ ಕಾಲು ಗಂಟೆ ವಿಚಾರಿಸಿ, ಆಮೇಲೆ ಸಹಿ ಹಾಕಿದರು. ಆಗದೇ ಹೋದರೆ ಕೋ-ವರ್ಕಿಂಗ್ ಜಾಗದ ಕರಾರು ಒಂದು ದಾರಿ.

ಹಾಗಾದರೆ ಕಂಪನಿ ಯಾವಾಗ ಬೇಕು?

ತೆರಿಗೆಗಲ್ಲ, ಬೇರೆ ಕಾರಣಗಳಿಗೆ ಬೇಕಾಗಬಹುದು. ದೊಡ್ಡ ಕ್ಲೈಂಟ್‌ಗಳು ವ್ಯಕ್ತಿಯ ಜೊತೆ ಕರಾರು ಮಾಡಲು ಒಪ್ಪುವುದಿಲ್ಲ. ನಾಳೆ ಅವರ ದೇಶದ ನ್ಯಾಯಾಲಯ 'ಇವನು ಗುತ್ತಿಗೆದಾರನಲ್ಲ, ನಿಮ್ಮ ನೌಕರ' ಎಂದುಬಿಟ್ಟರೆ ಎಂಬ ಅಂಜಿಕೆ ಅವರಿಗೆ. ಕರಾರಿನಲ್ಲಿ ನಷ್ಟ ಭರ್ತಿಯ ಷರತ್ತು ಭಾರಿಯಾಗಿದ್ದಾಗ ನಿಮ್ಮ ಮನೆ, ಚಿನ್ನಕ್ಕೆ ಆಪತ್ತು ಬಾರದಂತೆ ಕಂಪನಿ ತಡೆಗೋಡೆಯಾಗುತ್ತದೆ. ಇಬ್ಬರು ಮೂವರು ಕೂಡಿ ಮಾಡುವಾಗ, ಕೆಲಸಕ್ಕೆ ಜನ ಇಟ್ಟುಕೊಳ್ಳುವಾಗ, ವಹಿವಾಟು 75 ಲಕ್ಷ ದಾಟಿದಾಗ ಯೋಚಿಸಬೇಕು.

ಒಬ್ಬರೇ ಇದ್ದರೆ ಏಕವ್ಯಕ್ತಿ ಕಂಪನಿ, ಅಂದರೆ ಒಪಿಸಿ. ಒಬ್ಬ ನಾಮಿನಿ ಸಾಕು. 2021ರ ಏಪ್ರಿಲ್‌ನಿಂದ ಅನಿವಾಸಿ ಭಾರತೀಯರೂ ತೆರೆಯಬಹುದು. ಇಬ್ಬರಾದರೆ ಎಲ್‌ಎಲ್‌ಪಿ ಅಥವಾ ಪ್ರೈವೇಟ್ ಲಿಮಿಟೆಡ್. ಎಲ್‌ಎಲ್‌ಪಿಗೆ ತೆರಿಗೆ ಸೆಸ್ ಸೇರಿ ಶೇ. 31.2, ಆದರೆ ಪಾಲುದಾರರು ಲಾಭ ಹಂಚಿಕೊಂಡಾಗ ಅವರ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ವಹಿವಾಟು 40 ಲಕ್ಷ ಮತ್ತು ಬಂಡವಾಳ 25 ಲಕ್ಷ ಮೀರದಿದ್ದರೆ ಎಲ್‌ಎಲ್‌ಪಿ ಕಾನೂನಿನಡಿ ಆಡಿಟ್ ಬೇಡ. ಕಂಪನಿಗೆ ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ಆಡಿಟ್ ತಪ್ಪದು. ಪ್ರೈವೇಟ್ ಲಿಮಿಟೆಡ್‌ನಲ್ಲಿ ಕನಿಷ್ಠ ಒಬ್ಬ ನಿರ್ದೇಶಕರು ವರ್ಷಕ್ಕೆ 182 ದಿನ ಭಾರತದಲ್ಲಿರಬೇಕು. ಗಂಡ ಹೆಂಡತಿ ಇಬ್ಬರೇ ನಿರ್ದೇಶಕರಾಗಿ ಇಬ್ಬರೂ ವಿದೇಶಕ್ಕೆ ಹೊರಟಾಗ ಈ ನಿಯಮ ಅಡ್ಡ ಬರುತ್ತದೆ.

ತೆರೆಯುವುದು ಈಗ ಪೂರ್ತಿ ಆನ್‌ಲೈನ್. ಡಿಜಿಟಲ್ ಸಹಿ, ಸ್ಪೈಸ್ ಪ್ಲಸ್ ಎಂಬ ನೋಂದಣಿ ಅರ್ಜಿ, ಅದರಲ್ಲೇ ಪ್ಯಾನ್, ಟಿಡಿಎಸ್ ಹಿಡಿಯಲು ಬೇಕಾದ ಟ್ಯಾನ್ ಸಂಖ್ಯೆ. ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಕಂಪನಿ ನೋಂದಣಾಧಿಕಾರಿಯ ಕಚೇರಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಆದರೆ 30 ದಿನದಲ್ಲಿ ಆಡಿಟರ್ ನೇಮಕ, 180 ದಿನದಲ್ಲಿ ವ್ಯವಹಾರ ಆರಂಭದ ಘೋಷಣೆ, ಪ್ರತಿ ವರ್ಷ ಲೆಕ್ಕಪತ್ರದ ಒಂದು ಫಾರ್ಮ್, ವಾರ್ಷಿಕ ವಿವರದ ಇನ್ನೊಂದು ಫಾರ್ಮ್. ಈ ವಾರ್ಷಿಕ ಫಾರ್ಮ್‌ಗಳು ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ, ಅದಕ್ಕೆ ಮೇಲ್ಮಿತಿ ಇಲ್ಲ. ಎರಡು ಫಾರ್ಮ್ ಒಂದು ವರ್ಷ ಮರೆತರೆ 73,000 ರೂಪಾಯಿ. ಮುಚ್ಚಲು ಹಾಕುವ ಅರ್ಜಿಗೇ 10,000 ಶುಲ್ಕ. ತೆರೆಯಲು ಖರ್ಚಾದದ್ದಕ್ಕಿಂತ ಮುಚ್ಚಲು ಹೆಚ್ಚು ಖರ್ಚು ಮಾಡಿದವರ ಕಡತಗಳು ನನ್ನ ಕಪಾಟಿನಲ್ಲಿ ಒಂದು ಸಾಲು ಇವೆ.

ಆ ಎಸ್ಟೋನಿಯಾ ಕಂಪನಿಯ ಕಥೆ

ಇ-ರೆಸಿಡೆನ್ಸಿ 2014ರ ಕೊನೆಯಲ್ಲಿ ಶುರುವಾದ ಡಿಜಿಟಲ್ ಗುರುತಿನ ವ್ಯವಸ್ಥೆ. ಅದು ವೀಸಾ ಅಲ್ಲ, ಪೌರತ್ವ ಅಲ್ಲ, ತೆರಿಗೆ ನಿವಾಸವಂತೂ ಅಲ್ಲವೇ ಅಲ್ಲ. ಎಸ್ಟೋನಿಯಾದಲ್ಲಿ ಲಾಭವನ್ನು ಹಂಚುವವರೆಗೆ ಕಂಪನಿ ತೆರಿಗೆ ಇಲ್ಲ ಎಂಬುದು ನಿಜ. ಆದರೆ ಆ ಕಂಪನಿಯ ಏಕೈಕ ಕೆಲಸಗಾರ, ಏಕೈಕ ನಿರ್ದೇಶಕ ಇಬ್ಬರೂ ಜೆ.ಪಿ. ನಗರದ ಒಂದೇ ಕುರ್ಚಿಯಲ್ಲಿ ಕೂತಿದ್ದಾರೆ.

ವಿದೇಶಿ ಕಂಪನಿಯನ್ನು ನಿಜವಾಗಿ ನಡೆಸುವುದು ಭಾರತದಿಂದಾದರೆ ಆ ಕಂಪನಿಯನ್ನೇ ಭಾರತದ ನಿವಾಸಿ ಎನ್ನುವ ನಿಯಮವಿದೆ. 50 ಕೋಟಿ ರೂಪಾಯಿಗಿಂತ ಕಡಿಮೆ ವಹಿವಾಟಿನ ಕಂಪನಿಗಳಿಗೆ ಅದು ಅನ್ವಯಿಸುವುದಿಲ್ಲ ಎಂದು 2017ರ ಸುತ್ತೋಲೆ ಹೇಳಿತ್ತು. ಇದನ್ನು ಓದಿದ ಹುಡುಗರು ಬಚಾವಾದೆವು ಎಂದುಕೊಳ್ಳುತ್ತಾರೆ. ಆದರೆ ಇನ್ನೊಂದು ಬಾಗಿಲು ತೆರೆದೇ ಇದೆ. ಕಂಪನಿಯ ಕೆಲಸವೆಲ್ಲ ಬೆಂಗಳೂರಿನ ಒಂದು ಖಾಯಂ ಜಾಗದಲ್ಲಿ ನಡೆಯುತ್ತಿದ್ದರೆ ಆ ಕಂಪನಿಗೆ ಇಲ್ಲಿ ಕಾಯಂ ನೆಲೆ ಇದೆ ಎಂದು ಇಲಾಖೆ ಹೇಳಬಹುದು. ಆಗ ಆ ಲಾಭಕ್ಕೆ ವಿದೇಶಿ ಕಂಪನಿಯ ದರ, ಮೂಲ ದರವೇ ಶೇ. 35. ಸ್ವಂತ ಹೆಸರಿನಲ್ಲಿ ಇನ್‌ವಾಯ್ಸ್ ಮಾಡಿದ್ದರೆ ಶೇ. 5ರ ಸುಮಾರಿನಲ್ಲಿ ಮುಗಿಯುತ್ತಿತ್ತು.

ಇದರ ಮೇಲೆ ಫೆಮಾ, ಅಂದರೆ ವಿದೇಶಿ ವಿನಿಮಯದ ಕಾಯ್ದೆ. ನಿವಾಸಿಯೊಬ್ಬ ಹೊರದೇಶದ ಕಂಪನಿಯಲ್ಲಿ ಷೇರು ಹಾಕಿದರೆ ಅದು ಸಾಗರೋತ್ತರ ಹೂಡಿಕೆ. 2022ರ ನಿಯಮಗಳ ಪ್ರಕಾರ ಬ್ಯಾಂಕ್ ಮೂಲಕ, ಫಾರ್ಮ್ ತುಂಬಿ ಮಾಡಬೇಕು, ವರ್ಷಕ್ಕೆ 2,50,000 ಡಾಲರ್‌ನ ಮಿತಿಯೊಳಗೆ. ಆಮೇಲೆ ವಾರ್ಷಿಕ ವರದಿ. ಇವನು ಕ್ರೆಡಿಟ್ ಕಾರ್ಡ್‌ನಲ್ಲಿ ಶುಲ್ಕ ಕಟ್ಟಿ ಸುಮ್ಮನಾಗಿದ್ದ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬುವ ಭಾಗವೊಂದಿದೆ, ಅದರಲ್ಲಿ ಆ ಕಂಪನಿಯನ್ನೂ ಆ ಖಾತೆಯನ್ನೂ ತೋರಿಸಬೇಕಿತ್ತು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡದವರೆಗೆ ಹೋಗಬಹುದು. ಸ್ಥಿರಾಸ್ತಿ ಬಿಟ್ಟು ಉಳಿದದ್ದು 20 ಲಕ್ಷದ ಒಳಗಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡದಿಂದ ವಿನಾಯಿತಿ ಸಿಕ್ಕಿದೆ. ಹಾಗೆಂದು ತೋರಿಸುವುದನ್ನು ಬಿಡುವಂತಿಲ್ಲ. ದೇಶದೇಶಗಳ ನಡುವೆ ಖಾತೆಗಳ ಮಾಹಿತಿ ತಾನಾಗಿಯೇ ಹರಿದುಬರುತ್ತದೆ.

ಆ ಕಡೆಯ ದೇಶ ಏನು ಕೇಳುತ್ತದೆ

ಅಮೆರಿಕದ ಕ್ಲೈಂಟ್ ಡಬ್ಲ್ಯೂ-8ಬೆನ್ ಎಂಬ ಫಾರ್ಮ್ ಕಳಿಸಿದರೆ ಗಾಬರಿ ಬೇಡ. ನೀವು ಅಮೆರಿಕದವರಲ್ಲ ಎಂಬ ಘೋಷಣೆ ಅದು. ಕಂಪನಿಗಳಿಗೆ ಅದರ ಕೊನೆಗೆ 'ಇ' ಅಕ್ಷರ ಇರುವ ಬೇರೆ ಫಾರ್ಮ್. ಅಮೆರಿಕದ ಕಾನೂನೂ ಕುರ್ಚಿಯನ್ನೇ ಕೇಳುತ್ತದೆ: ಸೇವೆ ಅವರ ನೆಲದ ಹೊರಗೆ ನಡೆದಿದ್ದರೆ ಅದು ಅಲ್ಲಿನ ಆದಾಯವಲ್ಲ. ಫಾರ್ಮ್ ಕೊಡದಿದ್ದರೆ ಕ್ಲೈಂಟ್ ಹೆದರಿ ಶೇ. 30 ಹಿಡಿದುಕೊಳ್ಳುವ ಸಾಧ್ಯತೆ ಇದೆ. ಕೆಲಸಕ್ಕಾಗಿ ನೀವೇ ಅಲ್ಲಿಗೆ ಹೋದರೆ ಲೆಕ್ಕ ಬೇರೆ. ಸ್ವತಂತ್ರ ವೃತ್ತಿಯವರಿಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದಲ್ಲಿ 90 ದಿನದ ಗಡಿ ಇದೆ. ಬ್ರಿಟನ್ನಿನಲ್ಲಿ ಸ್ವಂತ ಕಂಪನಿಯ ಮೂಲಕ ಕೆಲಸ ಮಾಡುವವರು ನಿಜಕ್ಕೂ ನೌಕರರೇ ಅಲ್ಲವೇ ಎಂದು 2021ರ ಏಪ್ರಿಲ್‌ನಿಂದ ಮಧ್ಯಮ, ದೊಡ್ಡ ಕ್ಲೈಂಟ್‌ಗಳೇ ತೀರ್ಮಾನಿಸಬೇಕು. ಅದನ್ನು ಅಲ್ಲಿ ಐಆರ್35 ಎನ್ನುತ್ತಾರೆ.

ಅಲ್ಲಿ ತೆರಿಗೆ ಕಟ್ಟಿದ್ದರೆ ಇಲ್ಲಿ ಕಳೆಯಬಹುದು, ಆದರೆ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ. ಅದಕ್ಕೆ ಪುರಾವೆಯ ಜೊತೆ ಪ್ರತ್ಯೇಕ ಫಾರ್ಮ್ ಸಲ್ಲಿಸಬೇಕು. ಹಳೆಯ ಕಾಯ್ದೆಯಲ್ಲಿ ಅದರ ಸಂಖ್ಯೆ 67. ಒಪ್ಪಂದದ ಪ್ರಕಾರ ಅಲ್ಲಿ ಕಟ್ಟಬೇಕಾಗಿಯೇ ಇರಲಿಲ್ಲ ಎಂದಾದರೆ ಇಲ್ಲಿ ಕಳೆಯಲು ಬಿಡದೇ ಇರಬಹುದು. ಆಗ ಹಣವನ್ನು ಆ ದೇಶದಿಂದಲೇ ವಾಪಸ್ ಕೇಳಬೇಕು.

ನಿಜವಾಗಿಯೂ ದೇಶ ಬಿಟ್ಟು ಹೋಗುವವರು ಬ್ಯಾಂಕಿಗೆ ಹೇಳಿ ಹೋಗಿ. ಫೆಮಾ ದಿನ ಎಣಿಸುತ್ತಾ ಕೂರುವುದಿಲ್ಲ. ಉದ್ಯೋಗಕ್ಕೆ ಅಥವಾ ವ್ಯವಹಾರಕ್ಕೆಂದು ಹೊರಟ ದಿನದಿಂದಲೇ ನೀವು ಅನಿವಾಸಿ. ಹಾಗಾಗಿ ಒಂದೇ ವರ್ಷದಲ್ಲಿ ಆದಾಯ ತೆರಿಗೆಗೆ ನಿವಾಸಿ, ಬ್ಯಾಂಕಿಗೆ ಅನಿವಾಸಿ ಆಗಿರಬಹುದು. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಯ ಭಾರತದ ಆದಾಯಕ್ಕಿರುವ ಖಾತೆ ಮಾಡಿಸಬೇಕು. ಗುತ್ತಿಗೆ ಹಣವನ್ನು ಮೊದಲು ಅಲ್ಲಿನ ಖಾತೆಗೇ ಹಾಕಿಸಿಕೊಂಡು, ಆಮೇಲೆ ಹೊರದೇಶದ ಗಳಿಕೆಗೆಂದೇ ಇರುವ ಎನ್‌ಆರ್‌ಇ ಖಾತೆಗೆ ಕಳಿಸಿ. ಕ್ಲೈಂಟ್ ನೇರವಾಗಿ ಬೆಂಗಳೂರಿನ ಖಾತೆಗೆ ಹಾಕಿದರೆ ಭಾರತದಲ್ಲಿ ಕೈಗೆ ಬಂದ ಆದಾಯ ಎನಿಸಿಕೊಂಡು ಅನಿವಾಸಿಗೂ ತೆರಿಗೆ ಬೀಳಬಹುದು. ರಜೆಗೆ ಬಂದಾಗ ಇಲ್ಲಿ ಕೂತು ಒಂದು ತಿಂಗಳು ಕೆಲಸ ಮಾಡಿದರೆ ಆ ತಿಂಗಳ ಗಳಿಕೆ ಇಲ್ಲಿ ಹುಟ್ಟಿದ್ದು ಎನಿಸುತ್ತದೆ, ಅದನ್ನೂ ಬರೆದಿಟ್ಟುಕೊಳ್ಳಿ.

ಜೆ.ಪಿ. ನಗರದ ಹುಡುಗ ಎಸ್ಟೋನಿಯಾ ಕಂಪನಿಯನ್ನು ಮುಚ್ಚಲು ಹಾಕಿದ್ದಾನೆ. ಫೆಮಾದ ತಪ್ಪನ್ನು ಬ್ಯಾಂಕಿನವರ ಜೊತೆ ಮಾತಾಡಿ ಸರಿಪಡಿಸುವ ಕೆಲಸ ನಡೆದಿದೆ, ಅದಕ್ಕೆ ಶುಲ್ಕ ತೆರಬೇಕಾಗುತ್ತದೆ. ಡಚ್ ಕ್ಲೈಂಟ್ ಜೊತೆ ತನ್ನ ಹೆಸರಿನಲ್ಲೇ ಹೊಸ ಕರಾರು ಬರೆಸಿಕೊಂಡ. ಅವರು ಒಂದೇ ಮೇಲ್‌ನಲ್ಲಿ ಒಪ್ಪಿದರು, ಕಂಪನಿ ಬೇಕೆಂದು ಅವರು ಯಾವತ್ತೂ ಕೇಳಿರಲೇ ಇಲ್ಲವಂತೆ. ಮನೆ ಮಾಲೀಕರ ಸಹಿ ಸಿಕ್ಕಿತು, ಜಿಎಸ್‌ಟಿ ಸಂಖ್ಯೆ ಬಂತು. ಮೊದಲ ಇನ್‌ವಾಯ್ಸ್ ನನಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, "ಎಲ್‌ಯುಟಿ ನಂಬರ್ ಎಲ್ಲಿ ಬರೀಲಿ ಮೇಡಂ?" ಎಂದು ಕೇಳಿದ. ಕೆಳಗಿನ ಸಾಲಿನಲ್ಲಿ, ತೆರಿಗೆ ಕಟ್ಟದೆ ಮಾಡಿದ ರಫ್ತು ಎಂಬ ವಾಕ್ಯದ ಪಕ್ಕ ಎಂದು ಉತ್ತರಿಸಿದೆ.